ನಡುವಿನ ಮಗನ ಚೌಕ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮೈಸೂರಿನ ಒಬ್ಬ ಪ್ರೊಫೆಸರ ಕೈಕೆಳಗೆ ಸಂಶೋಧನಾ ಸಹಾಯಕಿಯಾಗಿದ್ದೆ. ಅವರ ಕೆಲಸ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಮೇಲೆ. ಜಠರದ ಹಿಂದೆ ಅಡಗಿ ಕೂತಿರುವ ಆ ಗ್ರಂಥಿಯಲ್ಲಿ ಗಡ್ಡೆ ಬೆಳೆದರೆ ಆಗ ಹೊಟ್ಟೆ ಕೊಯ್ದು ನೋಡಿದ ಹೊರತು ಖಚಿತವಾಗುತ್ತಿರಲಿಲ್ಲ. ಖಚಿತವಾಗುವ ಹೊತ್ತಿಗೆ ಮಾಡಲು ಹೆಚ್ಚೇನೂ ಉಳಿದಿರುತ್ತಿರಲಿಲ್ಲ. ಈ ರೋಗ ಕೆಲವು ಮನೆತನಗಳಲ್ಲಿ ರಕ್ತದ ಜೊತೆ ಇಳಿದು ಬರುತ್ತದೆಯೋ, ಅಥವಾ ಹೊಗೆಸೊಪ್ಪಿನಂಥ ಅಭ್ಯಾಸಗಳಿಂದ ಬರುತ್ತದೆಯೋ ಎಂಬುದು ಪ್ರೊಫೆಸರ ಪ್ರಶ್ನೆ. ಅದಕ್ಕಾಗಿ ಹುಣಸೂರಿನಲ್ಲಿ ಒಂದು ಕೋಣೆ ಹಿಡಿದು, ಅಲ್ಲಿಂದ ಸುತ್ತಲಿನ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಗೆ ಹೋಗಿ, ಯಾರ ಮನೆಯಲ್ಲಿ ಯಾರು ಹೇಗೆ ಸತ್ತರು ಎಂದು ಕೇಳಿ ಬರೆದುಕೊಳ್ಳುವುದು ನಮ್ಮ ಕೆಲಸವಾಗಿತ್ತು.

ನಮ್ಮ ಎಂದರೆ ನನ್ನದು ಮತ್ತು ನನ್ನ ಸಹಪಾಠಿಯದು. ನಾವಿಬ್ಬರೂ ಒಂದೇ ವರ್ಷ ಎಂ.ಎಸ್ಸಿ. ಮುಗಿಸಿದವರು. ನನಗೆ ಅವನಿಗಿಂತ ಹೆಚ್ಚು ಅಂಕ ಬಂದಿತ್ತು. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ದಿನಕ್ಕೊಮ್ಮೆಯಾದರೂ ಅದನ್ನು ನೆನೆಸಿಕೊಳ್ಳುತ್ತಿದ್ದೆ.

ಅವನು ಪಿರಿಯಾಪಟ್ಟಣದ ಕಡೆಯ ಹಳ್ಳಿಯವನು. ನಾನು ಮೈಸೂರಿನ ಅಗ್ರಹಾರದಲ್ಲಿ ಬೆಳೆದವಳು. ನಾನು ಜಗಲಿಯ ಮುಂದೆ ನಿಂತು, "ನಿಮ್ಮ ತಂದೆಯವರು ಯಾವ ಕಾಯಿಲೆಯಿಂದ ತೀರಿಕೊಂಡರು?" ಎಂದು ಕೇಳಿದರೆ, "ಯಾರ್ ಕಂಡವ್ರೆ ಕಣವ್ವ, ಕಾಲ ಬಂತು, ಓದ್ರು" ಎಂಬ ಉತ್ತರ. ಅವನು ಹಾಗೆ ಕೇಳುತ್ತಲೇ ಇರಲಿಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದವರ ಪಕ್ಕ ಕೂತು ತಾನೂ ಕಟ್ಟತೊಡಗುತ್ತಿದ್ದ. "ಏನಣ್ಣ, ಈ ಸಲ ಸೊಪ್ಪು ಎಂಗೆ ಬಂತು?" ಅರ್ಧ ಗಂಟೆಯಲ್ಲಿ ಅವರೇ ಹೇಳುತ್ತಿದ್ದರು: ಅಪ್ಪನಿಗೆ ಹೊಟ್ಟೆಯಿಂದ ಬೆನ್ನಿಗೆ ಚುಚ್ಚುವ ನೋವು, ಆಮೇಲೆ ಕಣ್ಣು ಹಳದಿ, ಆಮೇಲೆ ಉಡುದಾರ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ್ದು. ಅಂತರಸಂತೆಯಲ್ಲಿ ಕಾಡಂಚಿನ ಹಾಡಿಯ ಬುಡಕಟ್ಟಿನವರು ನನ್ನನ್ನು ಕಂಡು ದೂರ ಸರಿದಿದ್ದರು. ಅವನು ಸಂತೆಯ ದಿನ ಹೋಗಿ ನೋಟುಬುಕ್ಕಿನ ಹನ್ನೊಂದು ಪುಟ ತುಂಬಿಸಿಕೊಂಡು ಬಂದ. ಹನ್ನೊಂದು ಎಂದು ನನಗೆ ಗೊತ್ತಿರುವುದು ಏಕೆಂದರೆ, ಅವನು ಬಾವಿಯ ಹತ್ತಿರ ಮುಖ ತೊಳೆಯುವಾಗ ನಾನು ಎಣಿಸಿದ್ದೆ.

ಕೊನೆಗೆ ಅವನಿಗೆ ಆ ಮನೆ ಸಿಕ್ಕಿತು. ಕೆ.ಆರ್. ನಗರದ ಕಡೆ, ಚುಂಚನಕಟ್ಟೆಗೆ ಹತ್ತಿರದ ಒಂದು ಊರು, ಭತ್ತ ಬೆಳೆಯುವವರು. ತಂದೆ ಹೋಗಿದ್ದ, ಹಿರಿಯ ಮಗ ಹೋಗಿದ್ದ, ನಡುವಿನ ಮಗನೂ ಹೋಗಿದ್ದ, ಮೂವರಿಗೂ ಅದೇ ನೋವು, ಅದೇ ಕಾಮಾಲೆ. ಗಂಡುಮಕ್ಕಳಿಬ್ಬರ ಹೊಟ್ಟೆ ಕೊಯ್ದು ನೋಡಿ ಹಾಗೇ ಹೊಲಿದ ಆಸ್ಪತ್ರೆಯ ಕಾಗದವೂ ಇತ್ತು. ಉಳಿದವರು ಕಿರಿಯ ಮಗ, ಇಬ್ಬರು ವಿಧವೆ ಸೊಸೆಯರು, ಮೊಮ್ಮಕ್ಕಳು ಮತ್ತು ಅಜ್ಜಿ. ಪ್ರೊಫೆಸರು ಕುರ್ಚಿಯಿಂದೆದ್ದು ಅವನ ಬೆನ್ನು ತಟ್ಟಿದರು. ನನಗೆ, "ಅಮ್ಮಾ, ನಿಮ್ಮ ಕೈಬರಹ ಚೆನ್ನಾಗಿದೆ, ವಂಶವೃಕ್ಷದ ಚಾರ್ಟು ನೀವು ಬರೆದುಬಿಡಿ" ಎಂದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ರೋಗ ಬಂದವರಿಗೆ ಒಳಗೆಲ್ಲ ಕಪ್ಪು.

ಚಾರ್ಟಿಗೆ ವಯಸ್ಸುಗಳನ್ನು ಸರಿನೋಡಲು ನಾನು ಒಬ್ಬಳೇ ಆ ಊರಿಗೆ ಹೋದೆ. ಅವನಿಗೆ ಆ ವಾರ ಜ್ವರ. ಅಜ್ಜಿ ಪಡಸಾಲೆಯಲ್ಲಿ ಮೊರದ ಅಕ್ಕಿ ಆರಿಸುತ್ತಿತ್ತು. ಮೊದಲು ಕೇಳಿದ್ದೇ ಅವನನ್ನು: "ಆ ಐದ ಬರ್ನಿಲ್ವಾ?" ನನಗೆ ಒಳಗೇ ಉರಿಯಿತು. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಅಜ್ಜಿ ಮೊರ ಕೆಳಗಿಟ್ಟಿತು.

"ಈ ಕಾಯ್ಲೆ ರಕ್ತದಾಗೆ ಬತ್ತದೆ ಅಂತೀರಲ್ಲ, ಅಂಗಾರೆ ನನ್ನ ನಡುವಲವನ್ಗೆ ಯಾಕ್ ಬಂತು?"

"ತಂದೆಗೆ ಇತ್ತಲ್ಲ ಅಜ್ಜಿ, ಅದಕ್ಕೆ."

"ಅವ್ರು ಅವನ್ಗೆ ತಂದೆ ಅಲ್ಲ ಕಣವ್ವ. ನಾನೂ ಹೆತ್ತೋಳಲ್ಲ."

ತವರಿಗೆ ಬಾಣಂತನಕ್ಕೆ ಹೋದಾಗ ಅಜ್ಜಿಯ ಸ್ವಂತ ಕೂಸು ಮೂರೇ ದಿನಕ್ಕೆ ತೀರಿಹೋಯಿತಂತೆ. ಅದೇ ಕೇರಿಯಲ್ಲಿ ಕೂಲಿಯವಳೊಬ್ಬಳು ಗಂಡು ಹೆತ್ತು ಸತ್ತಿದ್ದಳು. ಆ ಮಗುವನ್ನು ಇವಳೇ ಎದೆಗೆ ಹಾಕಿಕೊಂಡು, ತನ್ನ ಮಗನೆಂದೇ ಗಂಡನ ಊರಿಗೆ ತಂದಳು. ಗಂಡನನ್ನು ಬಿಟ್ಟರೆ ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಮಗ ಬೆಳೆದು ಹುಣಸೂರಿನ ಕಡೆ ಬ್ಯಾರನ್ನಿನಲ್ಲಿ ಬೆಂಕಿ ಹಾಕುವ ಕೆಲಸ ಹಿಡಿದ. ಚಿಕ್ಕಂದಿನಿಂದಲೂ ಬಾಯಲ್ಲಿ ಹೊಗೆಸೊಪ್ಪು ತಪ್ಪುತ್ತಿರಲಿಲ್ಲ.

"ಅವ್ನ ಮಕ್ಳು ಇಬ್ರವ್ರೆ. ನೀವು ಬಂದೋದ್ ಮ್ಯಾಲೆ ದೊಡ್ಡವ್ನು ದಿನಾ ಹೊಟ್ಟೆ ಅಮಿಕ್ಕಂಡು ನೋಡ್ಕತಾನೆ. ನಿಮ್ಗೆ ಭಯ ಇಲ್ಲ ಅಂತ ಎಂಗಾರ ಯೋಳವ್ವ. ಇದ್ನ ಮಾತ್ರ ಯೋಳ್ಬ್ಯಾಡ."

ಹೇಳುವುದಿಲ್ಲ ಎಂದು ಅವಳ ಕೈ ಮುಟ್ಟಿ ಬಂದೆ. ಆ ಕ್ಷಣದಲ್ಲಿ ನನಗಾದದ್ದು ಮರುಕವಲ್ಲ, ಖುಷಿ. ನನ್ನ ಸಹಪಾಠಿಗೆ ಹೇಳದ್ದನ್ನು ಅಜ್ಜಿ ನನಗೆ ಹೇಳಿತ್ತು! ಹುಣಸೂರಿಗೆ ಬಂದು ಚಾರ್ಟಿನಲ್ಲಿ ನಡುವಿನ ಮಗನ ಚೌಕವನ್ನೂ ಹೆತ್ತ ಮಕ್ಕಳ ಸಾಲಿನಲ್ಲೇ ಬರೆದು ಕಪ್ಪು ಮಸಿ ತುಂಬಿದೆ. ಸಹಪಾಠಿಗೆ ಒಂದು ಮಾತೂ ಹೇಳಲಿಲ್ಲ.

ಎರಡು ವಾರದ ನಂತರ ಮೈಸೂರಿನಲ್ಲಿ ಸಭೆ. ಹೊರ ಊರಿನ ಇಬ್ಬರು ವೈದ್ಯರು ಬಂದಿದ್ದರು. ಅವನು ಚಾರ್ಟು ತೋರಿಸಿ ಮಾತಾಡಿದ, ಎಲ್ಲರೂ ತಲೆದೂಗಿದರು. ಆಗ ನಾನು ಎದ್ದು ನಿಂತು, ಮೂರನೆಯ ಚೌಕ ಆ ಮನೆಯ ರಕ್ತದ್ದಲ್ಲ, ಸಾಕಿದ ಮಗನದು, ಅದನ್ನು ತೆಗೆದರೆ ಉಳಿಯುವುದು ಇಬ್ಬರೇ ಎಂದೆ. ನನ್ನ ದನಿ ಚೂರೂ ನಡುಗಲಿಲ್ಲ.

ಪ್ರೊಫೆಸರು ಆ ಚೌಕದ ಮೇಲೆ ಬೆರಳಿಟ್ಟರು. "ಇದಕ್ಕೆ ಮಸಿ ತುಂಬುವಾಗ ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು ಸರ್."

ಅವನು ನನ್ನ ಕಡೆ ತಿರುಗಿ ನೋಡಿದ. ಸಿಟ್ಟಿರಲಿಲ್ಲ, ಪರಿಚಯವಿಲ್ಲದವಳನ್ನು ನೋಡುವ ಹಾಗಿತ್ತು. ಸಭೆ ಮುಗಿದ ಮೇಲೆ ಪ್ರೊಫೆಸರು, ಮನೆಯ ಇನ್ನೊಬ್ಬರಿಂದ ಇದು ಖಾತ್ರಿಯಾಗಬೇಕು, ಒಂದೇ ಬಾಯಿಯ ಮಾತನ್ನು ಬರೆಯಲಾಗದು ಎಂದರು. "ನಾನ್ ಓಗಲ್ಲ ಸರ್" ಎಂದುಬಿಟ್ಟ ಅವನು. ನಾನು ಹೋದೆ. ನನ್ನ ಮಾತು ನಿಜವೆಂದು ಸಾಬೀತಾಗಬೇಕಿತ್ತು.

ಅಜ್ಜಿ ಗದ್ದೆಗೆ ಹೋಗಿತ್ತು. ಕಾಯಬಹುದಿತ್ತು, ಕಾಯಲಿಲ್ಲ. ಜಗಲಿಯಲ್ಲಿದ್ದ ಕಿರಿಯ ಮಗನನ್ನು ಕೇಳಿದೆ: ನಿಮ್ಮ ಅಣ್ಣ ಸಾಕಿದ ಮಗನಂತೆ, ನಿಮಗೆ ಗೊತ್ತಿತ್ತೇ?

"ಏನಂದ್ರಿ?"

ಬಾಗಿಲಲ್ಲಿ ನಡುವಿನ ಸೊಸೆ ನೀರಿನ ಕೊಡ ಹಿಡಿದು ನಿಂತಿದ್ದಳು. ಅವಳು ಕೊಡವನ್ನು ನಿಧಾನವಾಗಿ ಕೆಳಗಿಟ್ಟಳು, ಒಂದು ಹನಿಯೂ ಚೆಲ್ಲಲಿಲ್ಲ. ಅಷ್ಟರಲ್ಲಿ ಅಜ್ಜಿ ಬಂದಿತು, ಮಗನ ಮುಖ ನೋಡಿತು, ನನ್ನನ್ನು ನೋಡಿತು.

"ಹೆಣ್ಮಗಳು ಅಂತ ಯೋಳ್ದೆ ಕಣವ್ವ" ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು.

ತಿಂಗಳೊಳಗೆ ಆ ಸೊಸೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಪಿರಿಯಾಪಟ್ಟಣದ ತನ್ನ ತವರಿಗೆ ಹೋದಳು. ಕಿರಿಯವನು, ಅವರು ನಮ್ಮೋರಲ್ಲ ಬುಡಿ ಎಂದನಂತೆ. ನನ್ನ ಸಹಪಾಠಿ ಆ ಹುಡುಗರನ್ನು ಹುಡುಕಿಕೊಂಡು ಹೋಗಿ, ಅಜ್ಜನ ಮನೆಯ ಕಾಯಿಲೆ ನಿಮಗಿಳಿಯುವ ಭಯವಿಲ್ಲ ಎಂದು ತಿಳಿಸಿದ. ದೊಡ್ಡವನು, "ಆ ಕಾಯ್ಲೆ ನಮ್ದೇ ಆಗಿದ್ರೆ ಚೆಂದಾಗಿತ್ತು ಸಾ" ಎಂದನಂತೆ. ಇದನ್ನು ಸಹಪಾಠಿ ನನಗೆ ಹೇಳಿದ್ದು ಆಪಾದನೆಯ ದನಿಯಲ್ಲಲ್ಲ. ಕೇಳಿದ್ದಕ್ಕೆ ಹೇಳಿದ, ಅಷ್ಟೇ.

ಪ್ರಬಂಧ ಅಚ್ಚಾಯಿತು. ಆ ಮನೆಯ ಬಗ್ಗೆ ಅದರಲ್ಲಿದ್ದದ್ದು ಎರಡೇ ಸಾಲು. ತಿದ್ದುಪಡಿ ಮಾಡಿದವಳೆಂದು ನನ್ನ ಹೆಸರೂ ಇತ್ತು. ಅದನ್ನು ಸೇರಿಸಬೇಕೆಂದು ಪ್ರೊಫೆಸರಿಗೆ ಹೇಳಿದವನು ಅವನೇ ಎಂದು ಆಮೇಲೆ ತಿಳಿಯಿತು. ನಾನು ಆ ಕೆಲಸ ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳಲು ಸೇರಿಕೊಂಡೆ.

ಅವನು ಮಾತ್ರ ಆ ಊರಿಗೆ ಹೋಗುವುದನ್ನು ಬಿಡಲಿಲ್ಲ. ಬರೆದುಕೊಳ್ಳಲು ಏನೂ ಉಳಿದಿರಲಿಲ್ಲ, ಆದರೂ ಹೋಗುತ್ತಿದ್ದ. ವರ್ಷ ಕಳೆದ ಮೇಲೆ ಕಿರಿಯವನ ಮನಸ್ಸು ತಿರುಗಿಸಿ, ಗೌರಿ ಹಬ್ಬಕ್ಕೆ ಆ ಹುಡುಗರಿಬ್ಬರನ್ನು ಅಜ್ಜಿಯ ಹತ್ತಿರ ಕರೆದುಕೊಂಡು ಹೋದ. ಒಂದು ಮಧ್ಯಾಹ್ನ ಮೈಸೂರಿನ ಕ್ಯಾಂಟೀನಿನಲ್ಲಿ ಸಿಕ್ಕಾಗ, ಅಜ್ಜಿ ಆ ಹುಡುಗರ ಜೊತೆ ತನ್ನನ್ನೂ ಸಾಲಾಗಿ ಕೂರಿಸಿ ಉಣ್ಣಲಿಕ್ಕಿದ್ದನ್ನು ಹೇಳಿದ. ಕಾಫಿಯ ಲೋಟ ಹಿಡಿದು ಕೇಳುತ್ತಾ ಕೂತಿದ್ದೆ. ಹುಡುಗರು ಮನೆಗೆ ಮರಳಿದರಲ್ಲ ಎಂಬ ನೆಮ್ಮದಿ ನನಗೆ ಆಮೇಲೆ, ಬಸ್ಸಿನಲ್ಲಿ ಬಂತು. ಅಲ್ಲಿ ಕೂತಿದ್ದಾಗ ಮನಸ್ಸಿನಲ್ಲಿದ್ದದ್ದು ಒಂದೇ: ಆ ಬಾಗಿಲು ಇವನಿಗೆ ತೆರೆಯಿತು.