ಕಿಸೆಯಲ್ಲಿ ಮಲ್ಲಿಗೆ, ಬಾಯಲ್ಲಿ ನರಿಕೊಂಬು

ನನ್ನ ಅಜ್ಜನ ಅಂಗಿಯ ಕಿಸೆಯಿಂದ ಮಲ್ಲಿಗೆಯ ಪರಿಮಳ ಬರುತ್ತಿತ್ತು. ಉಳಿದ ಮೈಯಿಂದ ಬಂಗುಡೆ ಮೀನಿನ ವಾಸನೆ. ಬೆಳ್ತಂಗಡಿ ಬಸ್ ಸ್ಟ್ಯಾಂಡಿನ ಹತ್ತಿರ ಮೀನೂಟದ ಹೋಟೆಲ್ ಇಟ್ಟುಕೊಂಡ ಮನುಷ್ಯನಿಂದ ಬಂಗುಡೆ ವಾಸನೆ ಬರುವುದು ನ್ಯಾಯವೇ. ಆದರೆ ಆರಡಿ ಎತ್ತರದ, ದಪ್ಪ ಮೀಸೆಯ, ಒಮ್ಮೆ ಕೆಮ್ಮಿದರೆ ಅಡುಗೆಯವನ ಕೈಯಿಂದ ಸೌಟು ಬೀಳಿಸುವ ಜತ್ತಪ್ಪಣ್ಣನ ಎದೆಯ ಹತ್ತಿರದಿಂದ ಮಲ್ಲಿಗೆ ಘಮಘಮ ಅನ್ನುವುದು ಗಿರಾಕಿಗಳಿಗೆ ಬಿಡಿಸಲಾಗದ ಒಗಟಾಗಿತ್ತು.

ಒಗಟಿನ ಉತ್ತರ ನಮ್ಮ ಮನೆಯ ಅಡುಗೆಕೋಣೆಯ ಬಾಗಿಲಲ್ಲಿತ್ತು. ಮಧ್ಯಾಹ್ನ ಹೋಟೆಲ್ ಗಿಜಿಗುಟ್ಟುತ್ತಿರುವಾಗಲೇ ಅಜ್ಜ ಗಲ್ಲಾಪೆಟ್ಟಿಗೆಯನ್ನು ಮಾವನಿಗೆ ಒಪ್ಪಿಸಿ, ಹೂವಿನ ಅಂಗಡಿಯಿಂದ ಒಂದು ಚೆಂಡು ಮಲ್ಲಿಗೆ ಬಾಳೆಲೆಯಲ್ಲಿ ಕಟ್ಟಿಸಿಕೊಂಡು, ಊಟಕ್ಕೆ ಮನೆಗೆ ನಡೆದು ಬರುತ್ತಿದ್ದರು. ಬಾಗಿಲ ಪಕ್ಕದ ಮೊಳೆಗೆ ಅದನ್ನು ಸಿಕ್ಕಿಸಿ, ಗೋಡೆಗೆ ಹೇಳುವ ಹಾಗೆ, "ದೇವರಿಗೆ," ಅನ್ನುತ್ತಿದ್ದರು. ಅಜ್ಜಿ ಅದರಿಂದ ಎರಡು ಹೂ ಕಿತ್ತು ದೇವರ ಪಟಕ್ಕೆ ಇಟ್ಟು, ಉಳಿದ ಅಷ್ಟನ್ನೂ ತನ್ನ ತುರುಬಿಗೆ ಸುತ್ತಿಕೊಳ್ಳುತ್ತಿದ್ದರು. ಅಜ್ಜ ಒಮ್ಮೆ ತುರುಬು ನೋಡಿ, ಆಮೇಲೆ ಬಟ್ಟಲು ನೋಡುತ್ತಿದ್ದರು.

ಸಣ್ಣವನಿದ್ದಾಗ ನಾನು ಇದನ್ನು ದೊಡ್ಡ ಕಳ್ಳತನವೆಂದು ತಿಳಿದು, ಮನೆ ತುಂಬ ನೆಂಟರಿದ್ದ ದಿನ, "ಅಜ್ಜಾ, ದೇವರ ಹೂವನ್ನು ಅಜ್ಜಿ ಕದ್ದರು!" ಎಂದು ಕೂಗಿದ್ದೆ. ನನ್ನ ಸಾರ್ವಜನಿಕ ಜೀವನದ ಮೊದಲ ಎಡವಟ್ಟು ಅದು.

"ನೀನು ಊಟ ಮಾಡು ಮಾರಾಯ," ಅಂದರು ಅಜ್ಜ. "ದೇವರಿಗೂ ಅವಳಿಗೂ ಎಂತದೋ ಮಾತುಕತೆ ಆಗಿರ್ತದೆ. ನಮಗೆ ಯಾಕೆ?"

ಇಷ್ಟು ಕೇಳಿ ಇವರಿಬ್ಬರೂ ಹಾಲು ಸಕ್ಕರೆಯ ಹಾಗೆ ಇದ್ದರೆಂದು ಯಾರೂ ತಿಳಿಯಬಾರದು. ಅಜ್ಜ ಬಂಟ್ವಾಳದ ನರಿಕೊಂಬಿನ ನಡುಮನೆಯವರು. ಅಜ್ಜಿ ಮೂಡುಬಿದಿರೆಯ ಹೊಸಮನೆಯವರು. ನಮ್ಮಲ್ಲಿ ಮಕ್ಕಳು ತಾಯಿಯ ಮನೆತನಕ್ಕೆ ಸೇರುವವರು. ಹೆಂಗಸು ಮದುವೆಯಾಗಿ ಎಲ್ಲಿಗೇ ಹೋದರೂ ಹುಟ್ಟಿದ ಮನೆಯ ಹೆಸರು ಬಿಡುವುದಿಲ್ಲ. ಹಾಗಾಗಿ ಬೆಳ್ತಂಗಡಿಯ ನಮ್ಮ ಮನೆಯಲ್ಲಿ ಅಜ್ಜಿ, ಅಮ್ಮ, ಮಾವ, ನಾನು, ಎಲ್ಲರೂ ಹೊಸಮನೆಯವರು. ಅಜ್ಜ ಒಬ್ಬರೇ ನಡುಮನೆ. ಮನೆ ಕಟ್ಟಿಸಿದ್ದು ಅವರು, ಅಕ್ಕಿ ತರುವುದು ಅವರು, ಬಹುಮತ ಮಾತ್ರ ಅಜ್ಜಿಯದು.

"ನರಿಕೊಂಬಿನ ಪರ ಮಾತಾಡ್ಲಿಕ್ಕೆ ಈ ಮನೆಯಲ್ಲಿ ನಾನೊಬ್ಬನೇ ಇರುವುದು," ಎಂದು ಅಜ್ಜ ದಿನಕ್ಕೊಮ್ಮೆ ಹೇಳುತ್ತಿದ್ದರು. ಒಬ್ಬರೇ ಆದರೂ ಸಾಕಾಗುತ್ತಿತ್ತು.

ಜಗಳ ಎಲ್ಲಿಂದ ಬೇಕಾದರೂ ಶುರುವಾಗುತ್ತಿತ್ತು. ಟಿವಿಯಲ್ಲಿ ನೆರೆಯ ಸುದ್ದಿ ಬಂದರೆ ಅಜ್ಜಿ ತರಕಾರಿ ಹೆಚ್ಚುತ್ತಲೇ, "ನಡುಮನೆಯವರು ನೆರೆ ಬಂದಾಗ ಅಟ್ಟ ಹತ್ತಿ ಕೂತವರು. ಪಾಪ," ಅನ್ನುತ್ತಿದ್ದರು.

"ನೇತ್ರಾವತಿ ನಮ್ಮ ಮನೆಗೆ ಬಂದದ್ದು. ನಾವು ಅವಳ ಮನೆಗೆ ಹೋದದ್ದಲ್ಲ," ಅಜ್ಜನ ಉತ್ತರ. "ಮರ್ಯಾದೆಯ ಮನೆಗೆ ನೆಂಟರು ಬರ್ತಾರೆ. ನಿಮ್ಮಲ್ಲಿ ಬರ್ಲಿಕ್ಕೆ ಒಂದು ನದಿಯಾದರೂ ಉಂಟಾ?"

"ನಮ್ಮಲ್ಲಿ ಸಾವಿರ ಕಂಬದ ಬಸದಿ ಉಂಟು."

"ಅದು ನಿಮ್ಮ ಅಜ್ಜ ಕಟ್ಟಿಸಿದ್ದಾ? ನಿಮ್ಮದು ಹೆಸರೇ ಹೊಸಮನೆ. ಮೊನ್ನೆ ಮೊನ್ನೆ ಕಟ್ಟಿದ್ದು."

ಅಜ್ಜಿ ಆಗ ಬಸದಿಯ ವಿಷಯ ಎತ್ತಿ ಮಾತಾಡುವ ರೀತಿ ಕೇಳಿದರೆ, ಸಾವಿರ ಕಂಬಗಳಲ್ಲಿ ಅರ್ಧದಷ್ಟಾದರೂ ಹೊಸಮನೆಯವರ ಎತ್ತಿನ ಗಾಡಿಯಲ್ಲೇ ಬಂದಿರಬೇಕು ಎನಿಸುತ್ತಿತ್ತು.

ಊಟದ ಹೊತ್ತಿನ ಯುದ್ಧವೇ ಬೇರೆ. ತನ್ನ ಹೋಟೆಲಿನ ಮೀನು ಸಾರನ್ನು ಅಜ್ಜ ನಾಲಗೆಗೆ ಸಹ ತಾಗಿಸುತ್ತಿರಲಿಲ್ಲ. ಗಿರಾಕಿಗಳು ಅನುಮಾನದಿಂದ, "ಜತ್ತಪ್ಪಣ್ಣ, ನಿಮ್ಮ ಊಟ ನೀವೇ ಉಣ್ಣುವುದಿಲ್ಲ ಅಲ್ವಾ, ಎಂತ ವಿಷಯ?" ಎಂದು ಕೇಳಿದರೆ, "ನನಗೆ ಮನೆಯಲ್ಲಿ ಧರ್ಮಕ್ಕೆ ಸಿಗ್ತದೆ ಮಾರಾಯ್ರೆ," ಎಂದು ಮನೆಯ ದಾರಿ ಹಿಡಿಯುತ್ತಿದ್ದರು. ಮದುವೆ ಮನೆಗಳಲ್ಲಿ ಎಲೆಯ ಮುಂದೆ ಕೂತು ಎಲ್ಲವನ್ನೂ ಒಮ್ಮೆ ಮುಟ್ಟಿ ಎದ್ದು, ಮನೆಗೆ ಬಂದು ಅಜ್ಜಿಯ ಗಂಜಿ, ಒಣಮೀನಿನ ಚಟ್ನಿ ಉಣ್ಣುತ್ತಿದ್ದರು. ಇಷ್ಟಾದರೂ ಆ ಅಡುಗೆಗೆ ಒಂದು ಒಳ್ಳೆಯ ಮಾತು ಅವರ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ. ಮೂರನೆಯ ಸಲ ಸಾರು ಬಡಿಸಿಕೊಳ್ಳುತ್ತ, "ನರಿಕೊಂಬಿನಲ್ಲಿ ಇದಕ್ಕೆ ಹುಳಿ ಸ್ವಲ್ಪ ಹೆಚ್ಚು ಹಾಕ್ತಾರೆ," ಅನ್ನುತ್ತಿದ್ದರು.

"ಹಾಗಾದರೆ ಅಲ್ಲಿಗೇ ಹೋಗಿ ಉಣ್ಣಿ. ಬಿ.ಸಿ. ರೋಡಿಗೆ ಬೇಕಾದಷ್ಟು ಬಸ್ಸುಂಟು."

"ಹೊಟ್ಟೆ ತುಂಬಿದ ಮೇಲೆ ಬಸ್ಸು ಹತ್ತಬಾರದು. ಇನ್ನೊಂದು ತುಂಡು ಹಾಕು."

ಒಮ್ಮೆ ಅಜ್ಜಿ ತಂಗಿಯ ಮಗಳ ಮದುವೆಗೆಂದು ಒಂದು ವಾರ ಮುಂಚೆಯೇ ಹೊಸಮನೆಗೆ ಹೋದರು. ಎರಡು ದಿನ ಅಜ್ಜ ಸಿಂಹದ ಹಾಗೆ ಇದ್ದರು. ಮೂರನೆಯ ದಿನ ಮಧ್ಯಾಹ್ನ ನನ್ನ ಸ್ಕೂಟರಿನ ಹಿಂದೆ ಬಂದು ಕೂತು, "ವೇಣೂರಿನವರೆಗೆ ಹೋಗುವ. ಅಲ್ಲಿ ಒಬ್ಬರನ್ನು ನೋಡ್ಲಿಕ್ಕುಂಟು," ಅಂದರು. ವೇಣೂರು ಬಂತು. "ಇಲ್ಲಿ ಅಲ್ಲ, ಸ್ವಲ್ಪ ಮುಂದೆ." ಆ ಸ್ವಲ್ಪ ಮುಂದೆ ಬೆಳೆದು ಬೆಳೆದು ಮೂಡುಬಿದಿರೆಯ ಹೊಸಮನೆಯ ಅಂಗಳದಲ್ಲಿ ನಿಂತಿತು.

ಅಜ್ಜಿ ಒಳಗಿನಿಂದ ಬಂದರು. "ಎಂತ, ಮದುವೆಗೆ ಇನ್ನೂ ನಾಲ್ಕು ದಿನ ಉಂಟಲ್ಲ?"

"ವೇಣೂರಿಗೆ ಹೊರಟದ್ದು," ಅಂದರು ಅಜ್ಜ ಮೀಸೆ ತಿರುವುತ್ತ. "ಇವನಿಗೆ ದಾರಿ ತಪ್ಪಿತು."

ಬೆಳ್ತಂಗಡಿಯಿಂದ ವೇಣೂರಿಗೆ ಕಣ್ಣು ಕಟ್ಟಿ ಬಿಟ್ಟರೂ ಹೋಗಿ ಮುಟ್ಟಬಹುದು. ಆದರೆ ನನ್ನ ಖ್ಯಾತಿ ಎಂಥದ್ದೆಂದರೆ, ಅಂಗಳದಲ್ಲಿ ನಿಂತಿದ್ದ ಹೊಸಮನೆಯವರೆಲ್ಲ ಒಮ್ಮೆಗೇ "ಹೌದಾ, ಪಾಪ" ಎಂದು ನಂಬಿಬಿಟ್ಟರು. ಅಜ್ಜಿ ಒಬ್ಬರು ಮಾತ್ರ ನಂಬಲಿಲ್ಲ.

"ಮತ್ತೆ ಕಿಸೆಯಲ್ಲಿ ಎಂತ?"

"ದೇವರಿಗೆ."

"ಯಾವ ದೇವರಿಗೆ?"

"ಇಲ್ಲಿಯ ದೇವರಿಗೇ. ಹೊಸಮನೆಯವರು ದೇವರಿಗೆ ಸರಿಯಾಗಿ ಹೂ ಇಡುವುದಿಲ್ಲ ಅಂತ ಕೇಳಿದ್ದೆ."

ಆ ದಿನ ಹೊಸಮನೆಯ ದೇವರಿಗೂ ಎರಡೇ ಹೂ ಸಿಕ್ಕಿತು.

ಈಗ ನನ್ನ ಮಹಾಕಾರ್ಯದ ವಿಷಯಕ್ಕೆ ಬರುತ್ತೇನೆ. ನಾನು ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವವನು. ವಾಲಿಬಾಲ್ ಪಂದ್ಯಾಟದ ಸ್ವಾಗತ ಫ್ಲೆಕ್ಸಿಗೆ ಶ್ರದ್ಧಾಂಜಲಿಯ ಹಳೆಯ ಫೈಲ್ ತೆರೆದು, ಗಟ್ಟಿಮುಟ್ಟಾಗಿದ್ದ ಮುಖ್ಯ ಅತಿಥಿಯ ಎರಡೂ ಬದಿಗೆ ದೀಪ ಉರಿಸಿ ಇಟ್ಟವನು. ಅವರು ಅದರ ಮುಂದೆಯೇ ನಿಂತು ಭಾಷಣ ಮಾಡಿದ್ದನ್ನು ಊರು ಇನ್ನೂ ಮರೆತಿಲ್ಲ. ಇಂಥವನ ಕೈಗೆ ಅಜ್ಜ ಅಜ್ಜಿಯ ಮದುವೆಯ ಐವತ್ತನೆಯ ವರ್ಷದ ಫ್ಲೆಕ್ಸ್ ಕೊಟ್ಟದ್ದು ಮನೆಯವರ ಧೈರ್ಯ.

ಘಟ್ಟದ ಮೇಲಿನ ಒಂದು ಮದುವೆಯ ಡಿಸೈನ್ ನನ್ನಲ್ಲಿ ಇತ್ತು. ಫೋಟೋ ಬದಲಿಸಿದೆ, ಹೆಸರು ಬದಲಿಸಿದೆ. ದಂಪತಿಯ ಹೆಸರಿನ ಅಡಿಯಲ್ಲಿ ಮನೆತನಕ್ಕೆ ಒಂದೇ ಸಾಲಿನ ಜಾಗ ಇತ್ತು. ಅಲ್ಲಿ ಗಂಡನ ಮನೆತನವಿತ್ತು, ನಾನೂ ಗಂಡನದ್ದೇ ಹಾಕಿದೆ. ಸಾಲು ಸಣ್ಣದಾಗಿ ಕಂಡಿತೆಂದು ಅಕ್ಷರ ದೊಡ್ಡದು ಮಾಡಿದೆ. ದೊಡ್ಡದು ಅಂದರೆ, ಅಜ್ಜ ಅಜ್ಜಿಯ ಮುಖಕ್ಕಿಂತ ದೊಡ್ಡದು: "ಶ್ರೀಮತಿ ಕಮಲ, ಶ್ರೀ ಜತ್ತಪ್ಪ ದಂಪತಿ, ನರಿಕೊಂಬು ನಡುಮನೆ." ನಾನೇ ಹೊಸಮನೆಯವನು ಅನ್ನುವುದು ಆ ಹೊತ್ತಿಗೆ ತಲೆಯಲ್ಲಿ ಇರಲಿಲ್ಲ. ಬೇರೇನಾದರೂ ಇತ್ತಾ ಎಂದು ಅಮ್ಮ ಈಗಲೂ ಕೇಳುತ್ತಾಳೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಸಭಾಭವನದ ವೇದಿಕೆಯಲ್ಲಿ ಫ್ಲೆಕ್ಸ್ ಏರಿತು. ಅಡುಗೆ ನೋಡಲು ಮೊದಲೇ ಬಂದಿದ್ದ ಅಜ್ಜ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಮೀಸೆಯ ಅಡಿಯಲ್ಲಿ ಒಂದು ನಗು ಬಂತು. ಅರ್ಧ ಶತಮಾನದ ವಾದ ಗೆದ್ದ ವಕೀಲನ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತರು. ಅಷ್ಟರಲ್ಲಿ ನರಿಕೊಂಬಿನಿಂದ ವ್ಯಾನ್ ಬಂತು. ನಡುಮನೆಯ ಈಗಿನ ಯಜಮಾನ, ಅಜ್ಜನ ಅಕ್ಕನ ಮಗ, ಫ್ಲೆಕ್ಸಿನ ಅಡಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡು, "ಅಂತೂ ಕಮಲತ್ತೆ ನಮ್ಮ ಮನೆಗೆ ಸೇರಿದರು!" ಎಂದು ನಕ್ಕದ್ದು ಗೇಟಿನವರೆಗೆ ಕೇಳಿತು.

ಗೇಟಿನಲ್ಲಿ ಅಜ್ಜಿಯ ಕಾರು ನಿಂತಿತ್ತು. ಅಲ್ಲಿಂದಲೇ ನನ್ನ ಅಕ್ಷರ ಓದಬಹುದಿತ್ತು. ಹೇಳಿದೆನಲ್ಲ, ದೊಡ್ಡದು ಮಾಡಿದ್ದೆ.

ಅಜ್ಜಿ ಇಳಿಯಲಿಲ್ಲ. ಹೊಸ ರೇಷ್ಮೆ ಸೀರೆ ಉಟ್ಟು, ಕಾರಿನ ಬಾಗಿಲು ಹಾಕಿಕೊಂಡು, ಮುಂದಿನ ಸೀಟಿನ ಬೆನ್ನು ನೋಡುತ್ತ ಕೂತರು. ಹಿಂದಿನಿಂದ ಮೂಡುಬಿದಿರೆಯ ಬಸ್ಸು ಬಂತು. ಹೊಸಮನೆಯವರು ಇಳಿದರು, ಫ್ಲೆಕ್ಸ್ ಓದಿದರು, ಅಜ್ಜಿಯನ್ನು ನೋಡಿದರು, ಒಬ್ಬರೂ ಒಳಗೆ ಕಾಲಿಡದೆ ಕಾರಿನ ಸುತ್ತ ನಿಂತರು. ಅಜ್ಜಿ ಇಳಿಯದಿದ್ದರೆ ಅವರೆಲ್ಲ ಅದೇ ಬಸ್ಸು ಹತ್ತಿ ವಾಪಸ್. ಒಳಗೆ ನಾನೂರು ಜನಕ್ಕೆ ಕೋಳಿ ಬೇಯುತ್ತಿತ್ತು.

ಅಜ್ಜ ಬಂದು ಕಿಟಕಿಗೆ ಬಗ್ಗಿದರು. "ಇಳಿ ಮಾರಾಯ್ತಿ. ಜನ ನೋಡ್ತಾರೆ."

"ನೋಡ್ಲಿ. ಇಷ್ಟು ವರ್ಷ ನಿಮಗೆ ಅಡುಗೆ ಮಾಡಿದ್ದೇನೆ, ನಿಮ್ಮ ಕೋಪ ಸಹಿಸಿದ್ದೇನೆ. ಎಲ್ಲ ಹೊಸಮನೆಯ ಕಮಲ ಆಗಿಯೇ ಮಾಡಿದ್ದು. ಈಗ ನಿಮ್ಮ ಪಕ್ಕ ಕೂರ್ಲಿಕ್ಕೆ ನನ್ನ ಮನೆ ಬಿಡಬೇಕಾ?"

"ನಾನು ಬರೆಸಿದ್ದಲ್ಲ. ಈ ಪುಳ್ಳಿಯ ಕೆಲಸ," ಅಂದರು ಅಜ್ಜ, ಮೊಮ್ಮಗನಾದ ನನ್ನತ್ತ ಕೈ ತೋರಿಸಿ.

"ಬರೆಸಿದ್ದಲ್ಲ. ಆದರೆ ಓದಿ ನಕ್ಕಿರಲ್ಲ, ನಾನು ಇಲ್ಲಿಂದ ನೋಡಿದೆ."

ಅಜ್ಜ ಕಿಟಕಿ ಬಿಟ್ಟು ವೇದಿಕೆಯ ಕಡೆ ತಿರುಗಿದರು. "ಅಜ್ಜಾ, ಬ್ಲೇಡ್ ತರ್ತೇನೆ, ಆ ಸಾಲು ಕತ್ತರಿಸುವ," ಅಂದೆ. "ನೀನು ಇನ್ನು ಎಂತದೂ ತರಬೇಡ ಮಾರಾಯ. ಬಂದು ಕುರ್ಚಿ ಹಿಡಿ," ಅಂದರು.

ವೇದಿಕೆಯ ಮೇಜಿನಲ್ಲಿ ಇಬ್ಬರೂ ಬದಲಿಸಿಕೊಳ್ಳಬೇಕಾದ ಎರಡು ದಪ್ಪ ಮಲ್ಲಿಗೆ ಹಾರಗಳಿದ್ದವು. ಅಜ್ಜ ಮುಂಡು ಎತ್ತಿ ಕಟ್ಟಿ ಪ್ಲಾಸ್ಟಿಕ್ ಕುರ್ಚಿ ಹತ್ತಿದರು. ನಾನು ಕಾಲು ಹಿಡಿದೆ, ಕುರ್ಚಿಯದ್ದೋ ಅಜ್ಜನದ್ದೋ ಆ ಗಡಿಬಿಡಿಯಲ್ಲಿ ಗೊತ್ತಾಗಲಿಲ್ಲ. ಮೊದಲ ಹಾರ ಬಿಚ್ಚಿ ಫ್ಲೆಕ್ಸಿಗೆ ಅಡ್ಡ ಕಟ್ಟಿದಾಗ ನರಿಕೊಂಬು ಮುಚ್ಚಿತು. ಎರಡನೆಯದಕ್ಕೆ ನಡುಮನೆಯೂ ಮುಚ್ಚಿತು. ತಾನು ಜೀವಮಾನವಿಡೀ ಜಪಿಸಿದ ಹೆಸರನ್ನು, ಸ್ವಂತ ಕೈಯಿಂದ, ಊರವರ ಮುಂದೆ.

ನಡುಮನೆಯ ಯಜಮಾನನ ಮುಖ ಕೆಂಪಾಯಿತು. "ಎಂತ ಮಾವ ಇದು, ನಮ್ಮ ಮನೆಯ ಹೆಸರು ಎಲ್ಲಿ?"

"ಹೂವಿನ ಅಡಿಯಲ್ಲಿ ಉಂಟು," ಅಂದರು ಅಜ್ಜ ಕುರ್ಚಿಯ ಮೇಲಿನಿಂದಲೇ. "ಅಷ್ಟು ದೊಡ್ಡ ಮನೆತನ. ಹೂ ಹಾಕದೆ ಹಾಗೇ ಬಿಡ್ಲಿಕ್ಕೆ ಆಗ್ತದಾ?"

ಮೊದಲು ನಕ್ಕದ್ದು ಹೊಸಮನೆಯವರು. ಆಮೇಲೆ ವ್ಯಾನಿನವರಿಗೂ ತಡೆಯಲಾಗಲಿಲ್ಲ. ಕಾರಿನ ಬಾಗಿಲು ತೆರೆಯಿತು. ಅಜ್ಜಿ ಸೆರಗು ಸರಿಮಾಡಿ, ನನ್ನನ್ನು ದಾಟುವಾಗ ಕಿವಿ ಹಿಂಡಿ, "ನೀನು ಯಾವ ಮನೆಯವ? ಮನೆಗೆ ಬಾ, ಹೇಳ್ತೇನೆ," ಎಂದು ವೇದಿಕೆ ಹತ್ತಿದರು.

ಹತ್ತಿದ ಮೇಲೆ ನೆನಪಾಯಿತು: ಬದಲಿಸಿಕೊಳ್ಳಲು ಹಾರವಿಲ್ಲ. ಎರಡೂ ಫ್ಲೆಕ್ಸಿನ ಮೇಲಿವೆ. ಫೋಟೋದವನು ಕಾಯುತ್ತಿದ್ದ. ಅಜ್ಜ ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಕಿಸೆಗೆ ಕೈ ಹಾಕಿ ಬಾಳೆಲೆಯ ಪೊಟ್ಟಣ ತೆಗೆದರು. ಮೊಳೆ ಇರಲಿಲ್ಲ. ನೇರ ಅಜ್ಜಿಯ ಕೈಯಲ್ಲಿ ಇಟ್ಟರು.

"ದೇವರಿಗಾ?" ಕೇಳಿದರು ಅಜ್ಜಿ.

"ದೇವರಿಗೆ ಹೋಟೆಲಿನಲ್ಲಿ ಇಟ್ಟು ಆಯ್ತು," ಅಂದರು ಅಜ್ಜ ಫ್ಲೆಕ್ಸ್ ನೋಡುತ್ತ. "ಇದು ನಿನಗೆ."

ಕಮಲಜ್ಜಿ, ಮೊಮ್ಮಕ್ಕಳಿರುವ ಹೆಂಗಸು, ನಾನೂರು ಜನರ ಮುಂದೆ ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿದರು. ಆ ಫೋಟೋ ನಮ್ಮ ಚಾವಡಿಯಲ್ಲಿ ಉಂಟು. ಮೂಲೆಯಲ್ಲಿ ಕುರ್ಚಿ ಅಪ್ಪಿಕೊಂಡು ಕೂತಿರುವ ಕಪ್ಪು ಆಕೃತಿ ನಾನು.

ಹೋದ ವರ್ಷ ಅಜ್ಜ ತೀರಿಕೊಂಡರು. ಮಧ್ಯಾಹ್ನ ಬಂದು, ಹೂ ಸಿಕ್ಕಿಸಿ, ಎರಡು ಸಲ ಸಾರು ಬಡಿಸಿಕೊಂಡು, "ಹುಳಿ ಸಾಲದು," ಎಂದು ಹೇಳಿ ಮಲಗಿದವರು ಏಳಲಿಲ್ಲ. "ಹೋಗುವಾಗಲೂ ಒಂದು ಒಳ್ಳೆಯ ಮಾತು ಹೇಳಲಿಲ್ಲ ನೋಡು," ಎಂದು ಅಜ್ಜಿ ಬಂದವರಿಗೆಲ್ಲ ಹೇಳಿ ಅತ್ತರು, ಹೇಳುತ್ತ ಹೇಳುತ್ತ ಒಮ್ಮೊಮ್ಮೆ ನಕ್ಕರು. ಆ ಫ್ಲೆಕ್ಸ್ ಈಗ ಹಿತ್ತಿಲಿನಲ್ಲಿ ಸೌದೆ ಮುಚ್ಚುತ್ತದೆ. ಊರಿನ ಎಲ್ಲ ಫ್ಲೆಕ್ಸುಗಳ ಗತಿ ಅದೇ.

ಮೊನ್ನೆ ಆದಿತ್ಯವಾರ ಬಂಗುಡೆ ತಂದಿದ್ದೆ. ಅಜ್ಜಿ ಸಾರು ಕುದಿಸಿ, ಸೌಟಿನಿಂದ ಅಂಗೈಗೆ ಹಾಕಿ ರುಚಿ ನೋಡಿ, ಯಾರಿಗೋ ತಪ್ಪು ತಿದ್ದುವ ದನಿಯಲ್ಲಿ, "ನರಿಕೊಂಬಿನಲ್ಲಿ ಇದಕ್ಕೆ ಹುಳಿ ಸ್ವಲ್ಪ ಹೆಚ್ಚು ಹಾಕ್ತಾರೆ," ಎಂದು ಇನ್ನಷ್ಟು ಹುಳಿ ಹಿಂಡಿದರು. ಸಾರು ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಯಿತು.

ನಾನು ಬಿಡುತ್ತೇನಾ? "ಅಜ್ಜೀ, ನೀವು ಯಾವ ಮನೆಯವರು?"

"ಹೊಸಮನೆ. ಅದರಲ್ಲಿ ಎಂತ ಸಂಶಯ?" ಅಜ್ಜಿ ಸೌಟು ಎತ್ತಿ ತೋರಿಸಿದರು. ಆಮೇಲೆ ಬಾಗಿಲ ಪಕ್ಕದ ಖಾಲಿ ಮೊಳೆಯನ್ನು ಒಮ್ಮೆ ನೋಡಿ, ನನ್ನ ಬಟ್ಟಲಿಗೆ ಸಾರು ಹಾಕುತ್ತ ಹೇಳಿದರು: "ಆದರೆ ನರಿಕೊಂಬಿನ ಪರ ಮಾತಾಡ್ಲಿಕ್ಕೆ ಈ ಮನೆಯಲ್ಲಿ ಒಬ್ಬರಾದರೂ ಬೇಡ್ವಾ?"