ಉತ್ತರಕ್ಕೆ ಪರವಾನಗಿ ಇರಲಿಲ್ಲ

ನಾನು ಒಳ್ಳೆಯ ಕಾರಕೂನನಾಗಿದ್ದೆ. ಹೆಮ್ಮೆಗೆ ಹೇಳುತ್ತಿಲ್ಲ. ಅಕ್ಷರ ದುಂಡಗಿದ್ದವು, ಮನಸ್ಸು ಸೊಟ್ಟಗಿತ್ತು, ಅಷ್ಟೇ.

ಅಕ್ಕಲಕೋಟೆ ಆಗ ಸಂಸ್ಥಾನ, ಸೊಲ್ಲಾಪುರ ಇಂಗ್ರೇಜಿ ಮುಲುಕು, ಬ್ರಿಟಿಷರ ಸೀಮೆ. ಒಂದು ಹಳ್ಳ ದಾಟಿದರೆ ಸರಕಾರ ಬದಲಾಗುತ್ತಿತ್ತು. ಆ ವರ್ಷ ಸೊಲ್ಲಾಪುರದಲ್ಲಿ ಗಲಾಟೆಯಾಗಿ ಗೋರಾ ಸೈನ್ಯ ಬಂದುಹೋದ ಮೇಲೆ, ಆ ಕಡೆಯಿಂದ ಬರುವ ಹಾಡುವವರು, ಆಡುವವರು ಎಲ್ಲರೂ ನಾನಿದ್ದ ಸಣ್ಣ ಕಚೇರಿಯಿಂದ ಪರವಾನಗಿ ಪಡೆಯಬೇಕು ಅಂತಾಯಿತು. ಬಂದವರು ಏನು ಮಾಡಬಹುದು, ಏನು ಮಾಡಬಾರದು ಎಂದು ಮರಾಠಿಯಲ್ಲಿ ಬರೆಯುವವನು ನಾನು. ಸಾಹೇಬರು ಓದದೆ ಸಹಿ ಹಾಕುತ್ತಿದ್ದರು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ತೊಗಲುಗೊಂಬೆಯವನೊಬ್ಬನಿಗೆ ಆಟ ಆಡಿಸಬಹುದು, ಆದರೆ ಯಾವ ರಾಜನೂ ಸಾಯಬಾರದು ಅಂತ ಬರೆದೆ. ಅವನ ರಾವಣ ಆ ಸಲ ಬದುಕಿಕೊಂಡ. ಸನಾದಿಯವನೊಬ್ಬನಿಗೆ ಮದುವೆಯ ಹಂದರದೊಳಗೆ ಮಾತ್ರ ಊದಲು ಬಿಟ್ಟೆ. ಮೆರವಣಿಗೆ ಊರೊಳಗೆ ಹೋದಾಗ ಅವನು ಖಾಲಿ ಹಂದರದಲ್ಲಿ ಒಬ್ಬನೇ ಊದುತ್ತ ಕೂತಿದ್ದನಂತೆ. ಕಚೇರಿಯಲ್ಲಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು ಕಾಕಾ, ಅಪ್ಪನ ತಮ್ಮ. ಅವನು ಹರದೇಶಿ ಹಾಡುವವನು. ಹರದೇಶಿಯವರು ಶಿವನ ಕಡೆ, ನಾಗೇಶಿಯವರು ಶಕ್ತಿಯ ಕಡೆ. ಒಬ್ಬರು ಹಾಡಿನಲ್ಲಿ ಪ್ರಶ್ನೆ ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಬಾರದವನು ತನ್ನ ಡಪ್ಪನ್ನು ಗೆದ್ದವರ ಮುಂದೆ ಇಟ್ಟುಬಿಡಬೇಕು. ಇಟ್ಟವನಿಗೆ ಅದೇ ಸಭೆಯಲ್ಲಿ ಉತ್ತರ ಹಾಡಿ ತಿಳಿಸುತ್ತಾರೆ, ಇಡದವನಿಗೆ ಇಲ್ಲ. ಅವರ ಕಟ್ಟು ಹಾಗೆ.

ಹೋಟಗಿಯಲ್ಲಿ ಕಾಕಾನನ್ನು ಸೊಲ್ಲಾಪುರದ ಕಡೆಯ ಮಂದ್ರೂಪದ ಒಬ್ಬ ನಾಗೇಶಿ ಹೆಂಗಸು ಸೋಲಿಸಿದ್ದಳು. ಕುರಿ ಕಾಯುವ ಮನೆಯವಳು, ಬೀರೋಬ ದೇವರ ಒಕ್ಕಲು. ಶಿವನ ಡಮರುಗಕ್ಕೆ ಚರ್ಮ ಕೊಟ್ಟ ಮಿಕ ಸತ್ತಾಗ ಅದಕ್ಕಾಗಿ ಅತ್ತವರು ಯಾರು ಅಂತ ಅವಳು ಕೇಳಿದ್ದಳು. ಕಾಕಾನಿಗೆ ಉತ್ತರ ಬರಲಿಲ್ಲ. ಡಪ್ಪು ಇಡಲೂ ಇಲ್ಲ. ಅದನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಎದ್ದುಬಂದ. ಜನ ಹಿಂದಿನಿಂದ ಕೇಕೆ ಹಾಕಿದರು. ಆಮೇಲೆ ಅವನನ್ನು ಯಾರೂ ಹಾಡಲು ಕರೆಯಲಿಲ್ಲ. ಉಣ್ಣುವಾಗಲೂ ಉತ್ತರ ಹುಡುಕುವವನಂತೆ ಅವನ ತುಟಿ ಸಣ್ಣಗೆ ಅಲುಗುತ್ತಿತ್ತು. ಆ ಹೆಂಗಸು ನನ್ನ ಕೈಗೆ ಸಿಗಲಿ ಅಂತ ನಾನು ಕಾದೆ.

ಸಿಕ್ಕಳು. ನಮ್ಮ ಸಂಸ್ಥಾನದ ತಡವಳದ ಒಬ್ಬರು ದೊಡ್ಡ ಒಕ್ಕಲಿಗರು ಮೊಮ್ಮಗನ ತೊಟ್ಟಿಲಿಗೆ ಇಬ್ಬರನ್ನೂ ಕರೆದಿದ್ದರು, ಅವಳನ್ನೂ ಕಾಕಾನನ್ನೂ. ಅವಳು ಪರವಾನಗಿಗೆ ಬಂದಳು. ಮಗಳನ್ನು ತಡವಳಕ್ಕೇ ಕೊಟ್ಟಿದ್ದೇನೆ, ಹಾಡಿದ ಹಾಗೂ ಆಯಿತು, ಮಗಳ ಮುಖ ನೋಡಿದ ಹಾಗೂ ಆಯಿತು ಎಂದು ತಾನಾಗಿ ಹೇಳಿದಳು. ಹೇಳಬಾರದಿತ್ತು. ನಾನು ಬರೆದೆ: ಆ ಮನೆಯ ಅಂಗಳದಲ್ಲಿ ಹಾಡಬಹುದು, ಡಪ್ಪು ಬಾರಿಸಬಹುದು, ಊಟ ಮಾಡಬಹುದು. ಪ್ರಶ್ನೆ ಕೇಳಬಾರದು, ಕೇಳಿದ ಪ್ರಶ್ನೆಗೆ ಉತ್ತರ ಕೊಡಬಾರದು. ಮೀರಿದರೆ ಸಂಸ್ಥಾನದ ಗಡಿಯೊಳಗೆ ಮತ್ತೆಂದೂ ಕಾಲಿಡಬಾರದು.

ಓದಿ ಹೇಳಿದೆ. ಅವಳು ಕೇಳಿದಳು:

“ಯಾರರ ಕೇಳಿದ್ರ ಮೂಕಿ ಹಂಗ ನಿಂದರಬೇಕೇನ್ರಿ ಸಾಹೇಬ್ರ?”

ಯಾರೂ ಕೇಳುವುದಿಲ್ಲ, ಹೆಬ್ಬೆಟ್ಟು ಒತ್ತು ಅಂದೆ. ಒತ್ತಿದಳು. ಕಾಕಾನಿಗೆ ಈ ವಿಷಯ ಹೇಳಲಿಲ್ಲ. ಅವನು ಏನು ಕೇಳಿದರೂ ಅವಳು ಬಾಯಿ ಬಿಡಲಾರಳು, ಗೆದ್ದು ಬರಲಿ, ಆಮೇಲೆ ತಿಳಿಯಲಿ ಅಂದುಕೊಂಡೆ. ಸಂತೋಷ ತಡೆಯಲಾರದೆ ಒಬ್ಬ ಸಿಪಾಯಿಯನ್ನು ಕರೆದುಕೊಂಡು ನಾನೂ ತಡವಳಕ್ಕೆ ಹೋದೆ.

ಮಧ್ಯಾಹ್ನದ ಊಟ ಮುಗಿದ ಮೇಲೆ ಅಂಗಳದಲ್ಲಿ ಜನ ಕೂತರು. ಅವಳ ಮಗಳು ತನ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಇದ್ದಳು. ಮಂದ್ರೂಪದವಳು ಎರಡು ಭಕ್ತಿಯ ಹಾಡು ಹಾಡಿ ನಿಲ್ಲಿಸಿದಳು. ಕಾಕಾ ಎದ್ದ. ಅವನು ಮಾಡಿದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಡೆದು ಹೋಗಿ ತನ್ನ ಡಪ್ಪನ್ನು ಅವಳ ಕಾಲ ಬಳಿ ಇಟ್ಟ, ರುಮಾಲು ತೆಗೆದು ಅದರ ಮೇಲೆ ಇಟ್ಟ.

“ಹೋಟಗ್ಯಾಗ ಇಡಬೇಕಾಗಿತ್ತು. ಸೊಕ್ಕ ಬಿಡಲಿಲ್ಲ,” ಅಂದ. “ಇವತ್ತ ಇಟ್ಟೀನಿ. ಅತ್ತವರ್ಯಾರು, ಹೇಳವ್ವಾ. ಎದಿಬ್ಯಾನಿ ಹತ್ತೇದ, ನಾ ಭಾಳ ದಿನ ಉಳಿಯಾಂವಲ್ಲ.”

ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಅವಳ ಕಣ್ಣು ತುಂಬಿದವು, ಕೈ ಡಪ್ಪಿಗೆ ಹೋಯಿತು. ಬಾಗಿಲಲ್ಲಿದ್ದ ಸಿಪಾಯಿಯನ್ನು ನೋಡಿದಳು, ಮಗಳನ್ನು ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು. ನಡುವಿಗೆ ಸಿಕ್ಕಿಸಿದ್ದ ಚೀಟಿ ತೆಗೆದು ನನ್ನ ಮುಂದೆ ಹಿಡಿದು, ಇನ್ನೊಮ್ಮೆ ಓದಿರಿ ಅಂದಳು.

ಓದಿದೆ, ಎಲ್ಲರ ಮುಂದೆ. ದುಂಡಗಿನ ಅಕ್ಷರ, ಎಲ್ಲೂ ತಡವರಿಸಲಿಲ್ಲ. ಮನೆಯ ಯಜಮಾನರು, ಹೋಗಲಿ ಬಿಡಿ, ಹೇಳಲಿ ಅಂದರು. ಸಹಿ ಸಾಹೇಬರದು, ಅಳಿಸಲು ನಾನ್ಯಾರು ಅಂದೆ. ಸುಳ್ಳು. ನಾನು ಕಣ್ಣು ಮಿಟುಕಿಸಿದ್ದರೆ ಸಾಕಿತ್ತು, ಸಿಪಾಯಿ ಹೊರಗೆ ಹೋಗಿ ತಂಬಾಕು ತಿಕ್ಕುತ್ತ ನಿಲ್ಲುತ್ತಿದ್ದ. ಮಿಟುಕಿಸಿದರೆ ಆ ಸಾಲು ನನ್ನ ಕೈಯದೇ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಆ ಹೊತ್ತು ನನಗೆ ಸಿಟ್ಟು ಬಂದದ್ದು ಅವಳ ಮೇಲೆ, ನನ್ನ ಮೇಲಲ್ಲ. ಕಾಕಾನ ಮೇಲೂ ಬಂತು: ಗೆಲ್ಲು ಅಂತ ದಾರಿ ಮಾಡಿಕೊಟ್ಟರೆ ಸೋಲಲು ಹೋಗಿದ್ದ.

ಇಟ್ಟ ಡಪ್ಪನ್ನು ವಾಪಸು ಕೊಡುವ ಪದ್ಧತಿಯಿಲ್ಲ. ಅವಳು ಅದನ್ನು ಎತ್ತಿಕೊಂಡು ಹೋದಳು.

ದಾರಿಯಲ್ಲಿ ಕಾಕಾ ಒಂದೇ ಮಾತು ಕೇಳಿದ. “ಯಾರ ಸಲುವಾಗಿ ಬರದಿ?”

ನಿನ್ನ ಸಲುವಾಗಿ ಅಂದೆ. ಅವನು ತಲೆಯಾಡಿಸಿದ, ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ. ಮಂದ್ರೂಪಕ್ಕೆ ಹೋಗಿ ಕೇಳಿಬರೋಣ ನಡೆ ಅಂತ ನಾನು ಅಂದರೆ, ತಡವಳದ ಸಭೆಯಲ್ಲಿ ಕೇಳಿದ್ದಕ್ಕೆ ಅಲ್ಲೇ ಉತ್ತರ ಆಗಬೇಕು ಅನ್ನುತ್ತಿದ್ದ. ಆ ಸಾಲು ತೆಗೆಯಿರಿ ಎಂದು ಎರಡು ಸಲ ಸಾಹೇಬರ ಕಾಲು ಹಿಡಿದೆ. ಒಮ್ಮೆ ಬರೆದದ್ದು ಬರೆದದ್ದೇ ಅಂದರು, ಆ ಮಾತು ಅವರು ಕಲಿತದ್ದು ನನ್ನಿಂದಲೇ. ಜೋಳದ ರಾಶಿಗೆ ಮೊದಲೇ ಕಾಕಾ ಸತ್ತ. ಕೊನೆಯ ದಿನವೂ ತುಟಿ ಅಲುಗುತ್ತಿತ್ತು.

ಹದಿಮೂರನೆಯ ದಿನ ಮುಗಿಸಿ ನಾನು ಹೋಟಗಿಯಲ್ಲಿ ರೈಲು ಇಳಿದು ಮಂದ್ರೂಪಕ್ಕೆ ನಡೆದೆ. ಅವಳು ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ಕಾಕಾನ ಡಪ್ಪು ಗೋಡೆಯ ಗೂಟಕ್ಕಿತ್ತು. ಸತ್ತ ಸುದ್ದಿ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಕಂಬಳಿ ಹಾಸಿದಳು, ನೀರು ತಂದಿಟ್ಟಳು. ನಾನು ಬಾಯಿ ತೆರೆದೆ.

“ಕುಂದರಾಕ ಪರವಾನಗಿ ಐತಿ,” ಅಂದಳು. “ನೀರ ಕುಡ್ಯಾಕ ಐತಿ, ರೊಟ್ಟಿ ಉಣ್ಣಾಕೂ ಐತಿ. ಕೇಳಾಕ ಇಲ್ಲ, ತಮ್ಮಾ.”

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ನೀರು ಕುಡಿದು, ತಂಬಿಗೆ ಇಟ್ಟು, ಹೋಟಗಿಯ ದಾರಿ ಹಿಡಿದೆ.