ತಡ ಬೆರಳಿನದೋ, ಡಬ್ಬಿಯದೋ

ನನ್ನ ಅಕ್ಕನ ತೋಟ ತಿಕೋಟಾದ ಹತ್ತಿರ. ತಿನ್ನುವ ದ್ರಾಕ್ಷಿ ಬೆಳೆಯುತ್ತಾರೆ. ಮಣಿಗಳು ಸಜ್ಜೆಕಾಳಿಗಿಂತ ಒಂದಿಷ್ಟು ದಪ್ಪಗಾದಾಗ ಸಣ್ಣ ಕತ್ತರಿ ಹಿಡಿದು, ಪ್ರತಿ ಗೊಂಚಲಿನ ಒಳಗಿನ ಅರ್ಧದಷ್ಟು ಮಣಿಗಳನ್ನು ತೆಗೆದುಹಾಕಬೇಕು. ಇಲ್ಲದಿದ್ದರೆ ಒಂದನ್ನೊಂದು ಒತ್ತಿ ಯಾವುದೂ ತುಂಬುವುದಿಲ್ಲ. ಈ ಕೆಲಸದಲ್ಲಿ ಅಕ್ಕನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಬಾಯಿ ಆಳುಗಳನ್ನು ಬೈಯುತ್ತಿರುತ್ತಿತ್ತು, ಕಣ್ಣು ದಾರಿಯ ಮೇಲಿರುತ್ತಿತ್ತು, ಕತ್ತರಿ ಮಾತ್ರ ತೆಗೆಯಬೇಕಾದ ಮಣಿಯನ್ನೇ ತೆಗೆಯುತ್ತಿತ್ತು.

ಒಂದು ಯುಗಾದಿ ಆದಮೇಲೆ ಅವಳಿಗೆ ಲಕ್ವಾ ಹೊಡೆಯಿತು. ದೇವರು ದೊಡ್ಡವನು, ಮಾತು ಉಳಿಯಿತು. ಕಾಲು ಮೂರು ವಾರದಲ್ಲಿ ದಾರಿಗೆ ಬಂತು. ಬಲಗೈ ಬೆರಳುಗಳು ಮಾತ್ರ ಮಡಿಚಿಕೊಂಡು ಮಲಗಿಬಿಟ್ಟವು. ವ್ಯಾಯಾಮ ಮಾಡಿಸುವ ಡಾಕ್ಟರು, ಬೆರಳು ಬರಬಹುದು, ಆದರೆ ಅವಳೇ ದಿನಾ ದುಡಿಸಬೇಕು, ಈಗ ಕೈಬಿಟ್ಟರೆ ಆಮೇಲೆ ಕಷ್ಟ ಅಂದರು. ಅದಕ್ಕೇ ಅವಳನ್ನು ವಿಜಯಪುರಕ್ಕೆ, ಸೊಲ್ಲಾಪುರ ರಸ್ತೆಯ ಬದಿಯ ನನ್ನ ಮನೆಗೆ ಕರೆತಂದೆ. ಮಣಿ ತೆಗೆಯುವ ಕೆಲಸ ಬರುವ ಮಾರ್ಗಶಿರದೊಳಗೆ ಕತ್ತರಿ ಹಿಡಿಯಬೇಕು ಅನ್ನುವುದೊಂದೇ ಅವಳ ಜಪ. ಕತ್ತರಿ ಹಿಡಿಯದಿದ್ದರೆ ನಾನು ಆ ತೋಟದಲ್ಲಿ ಯಾರು ಅಂತ ಒಮ್ಮೆ ಕೇಳಿದಳು.

ಡಾಕ್ಟರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಎರಡು ದಿನ ಹಿಸುಕಿದ ಹಾಗೆ ಮಾಡಿ ಮೂರನೆಯ ದಿನ ಎಡಗೈಯಿಂದ ಅದನ್ನು ಅಂಗಳಕ್ಕೆ ಎಸೆದಳು. ನಾನು ರೇಗಿದೆ, ಅವಳೂ ರೇಗಿದಳು. ನಮ್ಮ ಮನೆತನದಲ್ಲಿ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹುಡುಕಿಕೊಂಡು ಹೋಗಬೇಕಾಗಿಲ್ಲ.

ನಾನು ಬಬಲೇಶ್ವರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ನಲವತ್ತಾರು ವಯಸ್ಸು, ಎರಡು ಮಕ್ಕಳ ತಾಯಿ. ಆದರೂ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟದ ಹುಚ್ಚು ಬಿಟ್ಟಿಲ್ಲ. ಸೀರೆ ಉಟ್ಟುಕೊಂಡು ಹಿಂಗ ಗಾಡಿ ಓಡಸ್ತೀಯಲ್ಲ, ಯಾರರೆ ನೋಡಿದ್ರ ಏನಂದಾರು ಅಂತ ಮೊದಲೆಲ್ಲ ಛೇಡಿಸುತ್ತಿದ್ದವಳು ಅಕ್ಕನೇ. ಬೇಸಿಗೆ ರಜೆಯ ಒಂದು ಮುಂಜಾನೆ ನಾನು ಆಡುತ್ತಿದ್ದಾಗ ಅವಳು ಬಂದು ನನ್ನ ಬಲಗೈಯನ್ನೇ ನೋಡುತ್ತ ನಿಂತಳು. ಎರಡೂ ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಹಿಡಿಕೆಯ ಹಿಂಬದಿಯಲ್ಲಿ ತೋರುಬೆರಳಿಗೆ ಒಂದು ಗುಂಡಿ ಇರುತ್ತದೆ. ಒತ್ತಿದರೆ ಕಾರು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕತ್ತರಿ ಹಿಡಿಯಲು ಬೇಕಾದದ್ದೂ ಆ ಬೆರಳೇ. ತಾನೂ ಆಡುತ್ತೇನೆ ಅಂದಳು.

ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಹಿಡಿಕೆ ಇಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೂರಿಸಿದೆ. ನನ್ನ ಲ್ಯಾಪ್‌ಟಾಪಿಗೆ ಎಂಟು ವರ್ಷ. ಅದರ ಜೊತೆ ಬಂದಿದ್ದ ಕಾರ್ಯಾಚರಣಾ ವ್ಯವಸ್ಥೆ ಭಾರವಾಗಿ ತೆವಳತೊಡಗಿದಾಗ ತೆಗೆದುಹಾಕಿ, ಮುಕ್ತವಾಗಿ ಸಿಗುವ ಲಿನಕ್ಸ್ ಹಾಕಿದ್ದೆ. ಆಟವೂ ಅಂಥದ್ದೇ, ಯಾರು ಬೇಕಾದರೂ ಇಳಿಸಿಕೊಂಡು ಆಡಬಹುದು. ಆದರೆ ಗುಡ್ಡದ ತಿರುವು ಬಂದರೆ ಸಾಕು, ಚಿತ್ರ ತಡೆತಡೆದು ಬರುತ್ತಿತ್ತು. ನನಗೆ ರೂಢಿಯಾಗಿತ್ತು. ಅಕ್ಕನಿಗೆ ಅದೇ ಮುಳುವಾಯಿತು. ಹಣೆಯಲ್ಲಿ ಬೆವರು ಒಡೆಯುವ ಹಾಗೆ ಒತ್ತುತ್ತಾಳೆ, ಕಾರು ನಿಂತಲ್ಲೇ ಇದೆ. ಸುಸ್ತಾಗಿ ಬಿಟ್ಟಮೇಲೆ ಧಡಕ್ಕನೆ ಮುಂದೆ ಜಿಗಿಯುತ್ತದೆ.

"ನನ್ನ ಬೆರಳ ತಡಾ ಮಾಡಾಕತ್ತಾವೋ, ನಿನ್ನ ಡಬ್ಬಿ ತಡಾ ಮಾಡಾಕತ್ತೈತೋ?" ಎಂದು ಕೇಳಿದಳು.

ನಾನು ನೋಡಿದೆ, ನನಗೂ ತಿಳಿಯಲಿಲ್ಲ. ಕಷ್ಟಪಟ್ಟು ಅಲುಗಿದ ಬೆರಳನ್ನೂ ಅವಳು ಸತ್ತಿದೆ ಅಂದುಕೊಂಡರೆ ಗತಿ ಏನು? ಮೊದಲು ಡಬ್ಬಿಯ ತಡ ತೆಗೆಯಬೇಕು ಅಂತ ಅವತ್ತೇ ಕೂತೆ.

ಲಿನಕ್ಸಿನಲ್ಲಿ ಇದಕ್ಕೆಂದೇ ಒಂದು ಪುಟ್ಟ ತಂತ್ರಾಂಶ ಇದೆ. ಆಟ ಶುರುವಾದ ಕ್ಷಣ ಅದು ಎದ್ದು, ವಿದ್ಯುತ್ ಉಳಿಸುವ ಯೋಚನೆ ಬಿಟ್ಟು ಪೂರ್ತಿ ಓಡು ಅಂತ ಪ್ರೊಸೆಸರಿಗೆ ಹೇಳುತ್ತದೆ. ಉಳಿದ ಕೆಲಸಗಳಿಗಿಂತ ಆಟಕ್ಕೆ ಮುಂದಿನ ಸ್ಥಾನ ಕೊಡುತ್ತದೆ. ಆಟ ಮುಗಿದಾಗ ಎಲ್ಲವನ್ನೂ ಮೊದಲಿದ್ದ ಹಾಗೇ ಇಟ್ಟು ಸುಮ್ಮನಾಗುತ್ತದೆ, ಬಂದ ನೆಂಟರು ಹಾಸಿಗೆ ಮಡಿಚಿಟ್ಟು ಹೋದ ಹಾಗೆ. ಅದರ ಒಳಗಿನ ಕೋಡ್ ಬರಹವೂ ಎಲ್ಲರಿಗೂ ತೆರೆದಿದೆ. ಕೂತು ಓದಿದೆ. ಎಲ್ಲಿಯವರೋ, ಯಾವ ಮಾತಿನವರೋ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿದ್ದಾರೆ, ಮತ್ತೊಬ್ಬರು ನಯ ಮಾಡಿದ್ದಾರೆ. ತಿಕೋಟಾದ ಒಬ್ಬ ಹೆಂಗಸಿನ ಬೆರಳಿಗೆ ಇದು ಬೇಕಾಗುತ್ತದೆ ಅಂತ ಅವರಿಗೆ ಕನಸೂ ಬಿದ್ದಿರಲಿಕ್ಕಿಲ್ಲ. ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಕಲಿಸುತ್ತ ಬಂದವಳು, ಅವತ್ತು ಆ ಪರದೆಯ ಮುಂದೆ ದಂಗಾಗಿ ಕೂತಿದ್ದೆ.

ಹಾಕಿದೆ. ಹತ್ತು ನಿಮಿಷ ಕಾರು ಹೂವೆತ್ತಿದ ಹಾಗೆ ಓಡಿತು. ಆಮೇಲೆ ಲ್ಯಾಪ್‌ಟಾಪಿನ ಒಳಗಿನ ಫ್ಯಾನು ಹುಯಿಲಿಡತೊಡಗಿತು, ಚಿತ್ರ ಮೊದಲಿಗಿಂತ ಕೆಟ್ಟದಾಗಿ ಕುಂಟಿತು. ಮೇ ತಿಂಗಳ ವಿಜಯಪುರ; ಹೊರಗೇ ಬೆಂಕಿ, ಪ್ರೊಸೆಸರ್ ಪೂರ್ತಿ ಓಡಿದರೆ ಇನ್ನೇನಾಗಬೇಕು? ಕಾವು ಮಿತಿ ಮೀರಿದಾಗ ಅದು ತಾನು ಸುಡಬಾರದೆಂದು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಫ್ಯಾನಿನ ಧೂಳು ತೆಗೆದೆ, ಕೂಲರಿನ ಮುಂದೆ ಇಟ್ಟೆ, ಮತ್ತೂ ವೇಗ ಕೊಡುವ ಒಂದೊಂದೇ ಉಪಾಯ ಹಾಕುತ್ತ ಹೋದೆ. ಒಂದೊಂದಕ್ಕೂ ಚಿತ್ರ ಇನ್ನಷ್ಟು ಕುಂಟುತ್ತ ಬಂತು.

ತಾಪಮಾನ, ವೇಗ ಎಲ್ಲ ಪರದೆಯ ಮೂಲೆಯಲ್ಲೇ ತೋರಿಸುವ ಇನ್ನೊಂದು ತಂತ್ರಾಂಶವನ್ನೂ ಹಾಕಿದ್ದೆ. ಅದರಲ್ಲಿ ಒಂದು ಗೆರೆ. ಪ್ರತಿ ಚಿತ್ರವೂ ಸಮಕ್ಕೆ ಬಂದರೆ ನೆಟ್ಟಗಿರುತ್ತದೆ, ತಡವಾದರೆ ಮುಳ್ಳಿನಂತೆ ಏಳುತ್ತದೆ. ಆ ಮುಳ್ಳುಗಳು ಏನು ಅಂತ ಅಕ್ಕ ಕೇಳಿದಳು. ಸೆಕೆಂಡಿಗೆ ಅರವತ್ತು ಚಿತ್ರ ಬರಬೇಕು, ಒಮ್ಮೆ ಅರವತ್ತು ಬರುತ್ತವೆ, ಒಮ್ಮೆ ಹದಿನೈದು ಅಂತ ಹಲ್ಲು ಕಡಿಯುತ್ತಲೇ ವಿವರಿಸಿದೆ.

"ಅರವತ್ತ ಯಾಕ ಬೇಕ? ಅರ್ಧಾ ತಗದ ಒಗಿ. ಉಳದದ್ದರೆ ಬರೋಬ್ಬರಿ ತುಂಬತಾವ."

ನಿನಗೇನು ಗೊತ್ತಾಗುತ್ತದೆ ಸುಮ್ಮನಿರು ಅಂದುಬಿಟ್ಟೆ. ಊಟದ ತನಕ ಮುಖ ಗಂಟು ಹಾಕಿಕೊಂಡಿದ್ದೆ. ಕೈ ತೊಳೆಯುವಾಗ ತಲೆಗೆ ಹೊಳೆಯಿತು, ಅವಳು ಹೇಳಿದ್ದೇ ಸರಿ. ಎಲ್ಲವನ್ನೂ ಒಟ್ಟಿಗೆ ಬೇಡುತ್ತಿದ್ದೆ, ಅದಕ್ಕೇ ಒಂದೂ ನೆಟ್ಟಗೆ ಸಿಗುತ್ತಿರಲಿಲ್ಲ. ಚಿತ್ರಗಳಿಗೆ ಮಿತಿ ಹಾಕುವ ಸೌಕರ್ಯ ಅದೇ ತಂತ್ರಾಂಶದಲ್ಲಿತ್ತು. ಮೂವತ್ತು ಅಂತ ಬರೆದೆ. ಫ್ಯಾನು ತಣ್ಣಗಾಯಿತು. ಹತ್ತು ನಿಮಿಷ ಆಡಿದೆ, ಅರ್ಧ ಗಂಟೆ ಆಡಿದೆ. ಮುಳ್ಳುಗಳೆಲ್ಲ ಉದುರಿ ಗೆರೆ ಎಳೆದ ದಾರದಂತೆ ನಿಂತಿತ್ತು. ಈ ಬೇಸಿಗೆಗೆ ಮೊದಲು ಕಂಪ್ಯೂಟರನ್ನು ಒಮ್ಮೆಯೂ ಮುಟ್ಟಿರದ ನನ್ನ ಅಕ್ಕನನ್ನು ನೋಡಿದೆ. ಏನೂ ಆಗಿಲ್ಲವೆಂಬಂತೆ ಅಡಕೆ ಜಗಿಯುತ್ತಿದ್ದಳು.

ಮತ್ತೆ ಹಿಡಿಕೆ ಕೊಟ್ಟೆ. ಅವಳು ಒತ್ತಬೇಕೆಂದು ಉಸಿರು ಬಿಗಿಹಿಡಿದಳು. ಕಾರು ಕದಲಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತೋರುಬೆರಳು ಕೂದಲೆಳೆಯಷ್ಟು ಬಾಗಿತು, ಅದೇ ಗಳಿಗೆಗೆ ಕಾರು ಕದಲಿತು. ಇನ್ನೊಮ್ಮೆ ಹಾಗೇ ಆಯಿತು. ಮೂರನೆಯ ಸಲ ಅವಳು ಹಿಡಿಕೆ ಬಿಟ್ಟು ಆ ನೆಟ್ಟಗಿನ ಗೆರೆಯನ್ನೇ ನೋಡಿದಳು. ನನಗೆ ಹೆದರಿಕೆಯಾಯಿತು. ಡಬ್ಬಿಯ ಮೇಲೆ ಹಾಕಲು ಇನ್ನು ಯಾವ ತಪ್ಪೂ ಉಳಿದಿರಲಿಲ್ಲ.

"ಅಂದ್ರ, ಈಗ ಉಳದ ತಡಾ ನಂದ," ಅಂದಳು. ನಾನು ಸುಳ್ಳು ಹೇಳಲಿಲ್ಲ, ಹೌದು ಅಂದೆ.

"ಚಲೋ ಆತ ಬಿಡು. ಡಬ್ಬೀದ್ದಾಗಿದ್ರ ನನಗ ಏನ್ ಮಾಡಾಕ ಬರ್ತಿತ್ತು? ನಂದಾದ್ರ ನಾ ನೋಡ್ಕೋತೀನಿ."

ನನ್ನ ಕಣ್ಣು ತುಂಬಿಬಂತು. ಅವಳು ಆಗಲೇ ಮುಂದಿನ ಸುತ್ತಿಗೆ ಹಿಡಿಕೆ ಸರಿಮಾಡಿಕೊಳ್ಳುತ್ತಿದ್ದಳು. ಆ ರಜೆಯಿಡೀ ಮುಂಜಾನೆ ಒಂದು ತಾಸು, ಸಂಜೆಗೆ ಮೊದಲು ಒಂದು ತಾಸು ಆಡಿದಳು. ಊರಿಗೆ ಹೋಗುವಾಗ ಲ್ಯಾಪ್‌ಟಾಪನ್ನೂ ಹೊತ್ತುಕೊಂಡು ಹೋದಳು. ಫೋನಿನಲ್ಲಿ ತೋಟದ ಸುದ್ದಿ ಕೇಳಿದರೆ ಗುಡ್ಡದ ತಿರುವಿನ ಸುದ್ದಿ ಹೇಳುತ್ತಿದ್ದಳು.

ಮಾರ್ಗಶಿರದಲ್ಲಿ, ಒಂದು ಭಾನುವಾರ, ತೋಟಕ್ಕೆ ಹೋದೆ. ಆಳುಗಳು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋಗಿದ್ದರು. ಅಕ್ಕ ಮೊದಲ ಗೊಂಚಲಿನಲ್ಲೇ ಇದ್ದಳು. ಎಡಗೈಯಿಂದ ಬಲಗೈಗೆ ಕತ್ತರಿ ತೊಡಿಸಿ, ಮಣಿಗೆ ಗುರಿಯಿಟ್ಟು ಕಾಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಬೆರಳು ಬಾಗಿತು. ಒಂದು ಹಸಿರು ಮಣಿ ಉದುರಿತು. ನೆಲಕ್ಕೆ ಬೀಳುವ ಮೊದಲೇ ಅಂಗೈಯಲ್ಲಿ ಹಿಡಿದು, ಏನು ತಿಳಿಯಿತೋ, ಬಾಯಿಗೆ ಹಾಕಿಕೊಂಡುಬಿಟ್ಟೆ.

"ಏನ್ ತಿಳೀತೈತಿ ನಿನಗ? ಮೊನ್ನೆ ಔಷಧ ಹೊಡದೈತಿ, ಉಗಳು," ಅಂದಳು.

ಉಗುಳಿದೆ. ಅವಳು ಬೈಯುತ್ತಲೇ ಇದ್ದಳು, ಕಣ್ಣು ನನ್ನ ಮೇಲಿತ್ತು. ನೋಡದೆಯೇ ಇನ್ನೊಂದು ಮಣಿ ಕತ್ತರಿಸಿದಳು.